ಡಿಸ್ಕ್‌ಗಳ ಆರೋಗ್ಯ ತಪಾಸಣೆ ಮತ್ತು ಮೀಸಲು ಡಿಸ್ಕ್ ನಿರ್ವಹಣೆ: ಲಿನಕ್ಸ್ ಸರ್ವರ್‌ಗಳಿಗೊಂದು ಸಮಗ್ರ ಮಾರ್ಗದರ್ಶಿ

ನಾಲ್ಕಾರು ಡಿಸ್ಕ್‌ಗಳನ್ನು ರೇಡ್ ವ್ಯವಸ್ಥೆಯಲ್ಲಿ (ಒಂದು ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕ್‌ಗಳನ್ನು ಒಂದಾಗಿಸುವ ಕ್ರಮ) ಕೂಡಿಸಿ, ಜೊತೆಗೆ ಒಂದನ್ನು ಮೀಸಲಾಗಿಟ್ಟ ಸರ್ವರ್‌ಗಳು ಈಗ ಕಾಲೇಜು, ಸಹಕಾರ ಸಂಘ, ಮುದ್ರಣಾಲಯ, ಆಸ್ಪತ್ರೆ ಮುಂತಾದ ಕಡೆಗಳಲ್ಲಿ ಸಾಮಾನ್ಯವಾಗಿವೆ. ಅಳವಡಿಸಿದ ದಿನ ಎಲ್ಲ ದೀಪಗಳೂ ಹಸಿರಾಗಿ ಉರಿಯುತ್ತವೆ. ಆಮೇಲೆ ವರ್ಷಗಟ್ಟಲೆ ಯಾರೂ ಆ ಪೆಟ್ಟಿಗೆಯೊಳಗೆ ಇಣುಕುವುದಿಲ್ಲ. ಹೀಗೆ ಮರೆತುಹೋಗುವವುಗಳಲ್ಲಿ ಮೊದಲನೆಯದು ಮೀಸಲು ಡಿಸ್ಕ್. ಉಳಿದ ಡಿಸ್ಕ್‌ಗಳ ಮೇಲೆ ದಿನವೂ ಓದು-ಬರಹ ನಡೆಯುವುದರಿಂದ ಅವುಗಳ ದೋಷ ಎಂದಾದರೊಂದು ದಿನ ಹೊರಬೀಳುತ್ತದೆ. ಮೀಸಲು ಡಿಸ್ಕ್ ಮಾತ್ರ ಕರೆ ಬರುವ ತನಕ ಸುಮ್ಮನೆ ಕುಳಿತಿದ್ದು, ಕರೆ ಬಂದ ದಿನವೇ ತನ್ನ ಇಡೀ ಸಾಮರ್ಥ್ಯದಷ್ಟು ದತ್ತಾಂಶವನ್ನು ತಪ್ಪಿಲ್ಲದೆ ಬರೆಸಿಕೊಳ್ಳಬೇಕಾಗುತ್ತದೆ. ಡಿಕ್ಕಿಯಲ್ಲಿ ಗಾಳಿ ಇಳಿದು ಕೂತ ಸ್ಟೆಪ್ನಿಯ ಸ್ಥಿತಿ ಪಂಕ್ಚರ್ ಆದ ದಿನವಷ್ಟೇ ತಿಳಿಯುವಂತೆ, ಈ ಡಿಸ್ಕಿನ ಸ್ಥಿತಿಯೂ ಅಂದೇ ತಿಳಿಯುತ್ತದೆ. ಹಾಗಾಗದಂತೆ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳೆಲ್ಲ ಲಿನಕ್ಸ್ ಕರ್ನಲ್‌ನ (ಕಾರ್ಯವ್ಯವಸ್ಥೆಯ ತಿರುಳಿನ) ಎಂಡಿ ರೇಡ್, ಅದನ್ನು ನಿರ್ವಹಿಸುವ ಎಂಡಿಎಡಿಎಂ ಉಪಕರಣ ಮತ್ತು ಡಿಸ್ಕ್‌ಗಳ ಆರೋಗ್ಯ ಓದುವ ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜನ್ನು ಆಧರಿಸಿವೆ. ಈ ಎಲ್ಲ ಆದೇಶಗಳನ್ನು ರೂಟ್ ಅಧಿಕಾರದಲ್ಲಿ ನಡೆಸಬೇಕು.

ಮೀಸಲು ಡಿಸ್ಕಿನಿಂದ ಸಿಗುವುದೇನು

ರೇಡ್ 5 ಒಂದು ಡಿಸ್ಕ್ ಕೆಡುವುದನ್ನು ತಾಳಿಕೊಳ್ಳುತ್ತದೆ, ರೇಡ್ 6 ಎರಡು ಕೆಡುವುದನ್ನು ತಾಳಿಕೊಳ್ಳುತ್ತದೆ. ಮೀಸಲು ಡಿಸ್ಕ್ ಸೇರಿಸಿದರೆ ಈ ಸಂಖ್ಯೆ ಹೆಚ್ಚುವುದಿಲ್ಲ. ಶನಿವಾರ ರಾತ್ರಿ ಡಿಸ್ಕ್ ಕೆಟ್ಟರೆ ಸೋಮವಾರ ಬೆಳಿಗ್ಗೆ ಸಿಬ್ಬಂದಿ ಬಂದು ಹೊಸದನ್ನು ಹಾಕುವ ತನಕ ಕಾಯದೆ, ಆ ಕ್ಷಣವೇ ರೀಬಿಲ್ಡ್, ಅಂದರೆ ಕೆಟ್ಟದ್ದರ ದತ್ತಾಂಶವನ್ನು ಉಳಿದ ಡಿಸ್ಕ್‌ಗಳಿಂದ ಲೆಕ್ಕಹಾಕಿ ಮೀಸಲು ಡಿಸ್ಕಿಗೆ ಬರೆಯುವ ಕೆಲಸ, ಶುರುವಾಗುತ್ತದೆ ಎಂಬುದಷ್ಟೇ ಅದರ ಲಾಭ. ಈ ಲಾಭ ಸಣ್ಣದಲ್ಲ, ಏಕೆಂದರೆ ರೀಬಿಲ್ಡ್ ತಾನೇ ದೀರ್ಘ ಕೆಲಸ: 4 ಟಿಬಿ ಡಿಸ್ಕಿಗೆ ಸೆಕೆಂಡಿಗೆ 150 ಎಂಬಿ ವೇಗ ಸತತವಾಗಿ ಸಿಕ್ಕರೂ ಏಳೂವರೆ ಗಂಟೆ ಬೇಕು, 16 ಟಿಬಿ ಡಿಸ್ಕಿಗೆ ಸೆಕೆಂಡಿಗೆ 200 ಎಂಬಿ ಸಿಕ್ಕರೂ 22 ಗಂಟೆ ದಾಟುತ್ತದೆ. ಸರ್ವರ್ ಬಳಕೆಯಲ್ಲಿದ್ದಾಗ ಆ ವೇಗ ಸಿಗುವುದೂ ಇಲ್ಲ.

ಇಲ್ಲೊಂದು ಲೆಕ್ಕವನ್ನು ಅಳವಡಿಕೆಗೆ ಮೊದಲೇ ಮಾಡಬೇಕು. 4 ಟಿಬಿಯ ಆರು ಡಿಸ್ಕ್‌ಗಳಿದ್ದಾಗ, ಐದನ್ನು ರೇಡ್ 5ಕ್ಕೆ ಹಾಕಿ ಒಂದನ್ನು ಮೀಸಲಿಟ್ಟರೆ ಸಿಗುವ ಜಾಗ 16 ಟಿಬಿ. ಆರನ್ನೂ ರೇಡ್ 6ಕ್ಕೆ ಹಾಕಿದರೂ ಸಿಗುವುದು ಅದೇ 16 ಟಿಬಿ. ಮೊದಲನೆಯ ಜೋಡಣೆಯಲ್ಲಿ ರೀಬಿಲ್ಡ್ ನಡೆಯುವಷ್ಟು ಹೊತ್ತೂ ರಕ್ಷಣೆ ಶೂನ್ಯ. ಉಳಿದ ನಾಲ್ಕು ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದುವಾಗ ಒಂದೇ ಒಂದು ಸೆಕ್ಟರ್ (ಡಿಸ್ಕ್ ಓದಿ ಬರೆಯುವ ಅತಿ ಚಿಕ್ಕ ತುಣುಕು) ಓದಲಾಗದಿದ್ದರೂ ಅಷ್ಟು ದತ್ತಾಂಶ ಹೋದಂತೆಯೇ. ಸಾಮಾನ್ಯ ದರ್ಜೆಯ ಡಿಸ್ಕ್‌ಗಳಿಗೆ ತಯಾರಕರು ಕೊಡುವ ಮಿತಿ 10ರ 14ನೇ ಘಾತದಷ್ಟು ಬಿಟ್‌ಗಳಿಗೆ, ಅಂದರೆ 12.5 ಟಿಬಿ ಓದಿಗೆ, ಸರಿಪಡಿಸಲಾಗದ ಒಂದು ದೋಷ. ವಾಸ್ತವದಲ್ಲಿ ಒಳ್ಳೆಯ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆಯುತ್ತವೆ. ಆದರೂ 16 ಟಿಬಿ ಓದಬೇಕಾದ ರೀಬಿಲ್ಡನ್ನು ಅದೃಷ್ಟಕ್ಕೆ ಬಿಡುವುದು ಸರಿಯಲ್ಲ. ಆರೇ ಸ್ಲಾಟ್‌ಗಳಿದ್ದರೆ ಮೀಸಲು ಡಿಸ್ಕನ್ನು ಬಿಟ್ಟು ರೇಡ್ 6 ಮಾಡುವುದೇ ನನ್ನ ಆಯ್ಕೆ. ಏಳನೆಯ ಸ್ಲಾಟ್ ಇದ್ದಾಗ, ಅಥವಾ ಒಂದೇ ಯಂತ್ರದಲ್ಲಿ ಎರಡು ಮೂರು ಅರೇಗಳಿದ್ದು (ಹೀಗೆ ಒಂದಾಗಿ ಕೂಡಿಸಿದ ಡಿಸ್ಕ್‌ಗಳ ಗುಂಪೇ ಅರೇ) ಅವೆಲ್ಲಕ್ಕೂ ಒಂದನ್ನೇ ಹಂಚಿಕೊಳ್ಳಬಹುದಾದಾಗ ಮೀಸಲು ಡಿಸ್ಕಿಗೆ ನಿಜವಾದ ಅರ್ಥವಿದೆ.

ಹಂತ 1: ಯಾವ ಡಿಸ್ಕ್ ಯಾವ ಸ್ಲಾಟ್‌ನಲ್ಲಿದೆ ಎಂದು ಬರೆದಿಡುವುದು

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ಸರ್ವರ್ ಮರುಚಾಲನೆಗೊಂಡಾಗ ಅದಲುಬದಲಾಗಬಹುದು. ಸೀರಿಯಲ್ ಸಂಖ್ಯೆ ಬದಲಾಗುವುದಿಲ್ಲ. ಆದ್ದರಿಂದ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆ, ಮಾದರಿ, ಫರ್ಮ್‌ವೇರ್ (ಡಿಸ್ಕಿನೊಳಗಿನ ತಂತ್ರಾಂಶ) ಆವೃತ್ತಿ, ಖರೀದಿಯ ದಿನಾಂಕ, ವಾರಂಟಿ ಮುಗಿಯುವ ದಿನಾಂಕ ಮತ್ತು ಸ್ಲಾಟ್ ಸಂಖ್ಯೆಯನ್ನು ಒಂದು ಹಾಳೆಯಲ್ಲಿ ಬರೆದು, ಸರ್ವರ್‌ನ ಮೈಮೇಲೆಯೇ ಅಂಟಿಸಬೇಕು. ಇದೇ ಪಟ್ಟಿಯನ್ನು ಆ ಸರ್ವರ್‌ನೊಳಗೆ ಮಾತ್ರ ಉಳಿಸಿಟ್ಟರೆ ಅದು ಕೆಟ್ಟ ದಿನ ಪಟ್ಟಿಯೂ ಸಿಗುವುದಿಲ್ಲ. ಸ್ಲಾಟ್‌ಗಳಿಗೆ ಗುರುತಿನ ದೀಪವಿದ್ದರೆ ಲೆಡ್‌ಸಿಟಿಎಲ್ ಆದೇಶದ ಲೊಕೇಟ್ ಆಯ್ಕೆಯಿಂದ ಒಂದೊಂದನ್ನೇ ಬೆಳಗಿಸಿ ತಾಳೆ ನೋಡಬಹುದು. ಅಂಥ ಸೌಲಭ್ಯವಿಲ್ಲದ ಪೆಟ್ಟಿಗೆಯಾದರೆ ಸರ್ವರನ್ನು ಒಮ್ಮೆ ಸರಿಯಾಗಿ ನಿಲ್ಲಿಸಿ, ಡಿಸ್ಕ್‌ಗಳ ಮೇಲಿನ ಚೀಟಿ ಓದುವುದೇ ನಂಬಿಕೆಗೆ ಅರ್ಹವಾದ ದಾರಿ. ಕೆಟ್ಟ ಡಿಸ್ಕ್ ಬದಲು ಪಕ್ಕದ ಒಳ್ಳೆಯ ಡಿಸ್ಕನ್ನು ಎಳೆದುಹಾಕಿ ಅರೇಯನ್ನೇ ಕೆಡವಿದ ಪ್ರಸಂಗಗಳು ಈ ವೃತ್ತಿಯಲ್ಲಿ ಎಷ್ಟು ಸಾಮಾನ್ಯವೆಂದರೆ, ಈ ಒಂದು ಹಾಳೆಯ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಹಂತ 2: ಸ್ಮಾರ್ಟ್ ಅಂಕಿಗಳನ್ನು ಓದುವುದು

ಪ್ರತಿ ಡಿಸ್ಕೂ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಇಟ್ಟುಕೊಳ್ಳುತ್ತದೆ. ಇದಕ್ಕೆ ಸ್ಮಾರ್ಟ್ ಎಂದು ಹೆಸರು. ಸ್ಮಾರ್ಟ್‌ಸಿಟಿಎಲ್ ಆದೇಶಕ್ಕೆ ಡಿಸ್ಕಿನ ಹೆಸರನ್ನೂ ಎಕ್ಸ್ ಆಯ್ಕೆಯನ್ನೂ ಕೊಟ್ಟರೆ ಇಡೀ ವರದಿ ಬರುತ್ತದೆ. ವರದಿಯ ಮೇಲ್ಭಾಗದಲ್ಲಿ 'ಪಾಸ್ಡ್' ಎಂದು ಬರುವುದನ್ನು ಮಾತ್ರ ನೋಡಿ ಸಮಾಧಾನಪಟ್ಟುಕೊಳ್ಳಬಾರದು. ತಯಾರಕರು ಇಟ್ಟ ಮಿತಿ ತುಂಬ ಸಡಿಲವಾಗಿರುವುದರಿಂದ, ಸಾಯುವ ಹಿಂದಿನ ದಿನದವರೆಗೂ ಡಿಸ್ಕ್ ಪಾಸಾಗುತ್ತಲೇ ಇರಬಹುದು.

ನೋಡಬೇಕಾದದ್ದು ಕೆಲವೇ ಸಾಲುಗಳನ್ನು. 5ನೆಯ ಸಾಲು ಕೆಟ್ಟ ಸೆಕ್ಟರ್‌ಗಳ ಬದಲಿಗೆ ಡಿಸ್ಕ್ ಒಳಗಿನ ಮೀಸಲು ಜಾಗದಿಂದ ತೆಗೆದುಕೊಟ್ಟ ಸೆಕ್ಟರ್‌ಗಳ ಎಣಿಕೆ. 197ನೆಯದು ಓದಲಾಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರ್‌ಗಳದು, 198ನೆಯದು ಡಿಸ್ಕ್ ತಾನೇ ಪರೀಕ್ಷಿಸಿದಾಗಲೂ ಓದಲಾಗದವುಗಳದು. 187ನೆಯದು ಕಂಪ್ಯೂಟರಿಗೆ ವರದಿಯಾದ, ಸರಿಪಡಿಸಲಾಗದ ದೋಷಗಳ ಎಣಿಕೆ. ಎಲ್ಲ ತಯಾರಕರೂ ಇದನ್ನು ಕೊಡುವುದಿಲ್ಲ. ಈ ನಾಲ್ಕರ ಕೊನೆಯ ಕಾಲಮಿನಲ್ಲಿರುವ ಮೂಲ ಅಂಕಿ ಸೊನ್ನೆಯಾಗಿರಬೇಕು. ಸೊನ್ನೆಯಲ್ಲದಿದ್ದರೆ, ಅದು ನಿಂತಲ್ಲೇ ನಿಂತಿದೆಯೋ ಏರುತ್ತಿದೆಯೋ ಎಂಬುದು ಮುಖ್ಯ: ವರ್ಷದಿಂದ 8ರಲ್ಲೇ ಇರುವ 5ನೆಯ ಸಾಲಿಗಿಂತ, ಕಳೆದ ವಾರ 0 ಇದ್ದು ಈ ವಾರ 3 ಆದ 197ನೆಯ ಸಾಲು ಹೆಚ್ಚು ಆತಂಕದ್ದು. ಹಾಗಾಗಿ ವಾರಕ್ಕೊಮ್ಮೆಯಾದರೂ ವರದಿಯನ್ನು ದಿನಾಂಕ ಸಹಿತ ಕಡತವಾಗಿ ಉಳಿಸಿಡುವ ಏರ್ಪಾಡು ಇರಬೇಕು.

199ನೆಯ ಸಾಲಿನ ಸ್ವಭಾವವೇ ಬೇರೆ. ಅದು ಡಿಸ್ಕ್ ಮತ್ತು ನಿಯಂತ್ರಕದ ನಡುವೆ ದತ್ತಾಂಶ ಸಾಗುವಾಗ ಆದ ತಪ್ಪುಗಳನ್ನು ಎಣಿಸುತ್ತದೆ. ಬಹುತೇಕ ಸಂದರ್ಭಗಳಲ್ಲಿ ತಪ್ಪು ಕೇಬಲ್ಲಿನದು ಅಥವಾ ಸಡಿಲವಾದ ಕನೆಕ್ಟರಿನದು. ಈ ಅಂಕಿ ಮತ್ತೆ ಸೊನ್ನೆಗೆ ಇಳಿಯುವುದಿಲ್ಲ. ಕೇಬಲ್ ಬದಲಿಸಿದ ಮೇಲೆ ಅದು ಏರುವುದು ನಿಂತರೆ ಕಾಯಿಲೆ ವಾಸಿಯಾಯಿತೆಂದು ತಿಳಿಯಬೇಕು, ಡಿಸ್ಕನ್ನು ಎಸೆಯಬಾರದು.

ಇಷ್ಟೆಲ್ಲ ನೋಡಿದರೂ ಸ್ಮಾರ್ಟ್ ಎಲ್ಲವನ್ನೂ ಮುಂಚೆಯೇ ಹೇಳುತ್ತದೆಂದು ನಂಬಲಾಗದು. ಗೂಗಲ್‌ನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಮಗ್ಗುಲು ಕಾಣುತ್ತವೆ. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಓದಿ ನೋಡುವಾಗ ಸಿಗುವ ದೋಷ) ಕಂಡ ಡಿಸ್ಕ್, ಅದು ಕಾಣದ ಡಿಸ್ಕಿಗಿಂತ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ 39 ಪಟ್ಟು ಹೆಚ್ಚು. ಆದರೆ ಕೆಟ್ಟ ಡಿಸ್ಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಅಧ್ಯಯನ ಗುರುತಿಸಿದ ಪ್ರಮುಖ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ತೋರದೆಯೇ ಕೆಟ್ಟಿದ್ದವು. ಎಚ್ಚರಿಕೆ ಬಂದರೆ ನಂಬಬೇಕು, ಬರಲಿಲ್ಲವೆಂದು ನಿಶ್ಚಿಂತರಾಗಬಾರದು. ಮೀಸಲು ಡಿಸ್ಕ್ ಬೇಕಾಗುವುದು ಈ ಎರಡನೆಯ ಕಾರಣಕ್ಕೆ.

ಹಂತ 3: ತಪಾಸಣೆಯನ್ನು ಯಂತ್ರಕ್ಕೇ ವಹಿಸುವುದು

ಸ್ಮಾರ್ಟ್‌ಡಿ ಎಂಬ ಹಿನ್ನೆಲೆ ಸೇವೆ ಅರ್ಧ ಗಂಟೆಗೊಮ್ಮೆ ಡಿಸ್ಕ್‌ಗಳನ್ನು ವಿಚಾರಿಸಿಕೊಳ್ಳುತ್ತದೆ. ಅದರ ಸಂರಚನಾ ಕಡತದಲ್ಲಿ ನಾಲ್ಕು ಸಂಗತಿಗಳನ್ನು ಹೇಳಬೇಕು: ಎಲ್ಲ ಸೂಚಕಗಳನ್ನೂ ಗಮನಿಸುವಂತೆ ಎ ಆಯ್ಕೆ, ದಿನಕ್ಕೊಂದು ಕಿರು ಪರೀಕ್ಷೆ ಮತ್ತು ವಾರಕ್ಕೊಂದು ದೀರ್ಘ ಪರೀಕ್ಷೆಯ ವೇಳಾಪಟ್ಟಿ, ಉಷ್ಣತೆಯ ಮಿತಿ, ಮತ್ತು ಎಚ್ಚರಿಕೆ ಹೋಗಬೇಕಾದ ಮಿಂಚಂಚೆ ವಿಳಾಸ. ದೀರ್ಘ ಪರೀಕ್ಷೆಗೆ 4 ಟಿಬಿ ಡಿಸ್ಕ್ ಏಳೆಂಟು ಗಂಟೆ ತೆಗೆದುಕೊಳ್ಳುವುದರಿಂದ ಒಂದೊಂದು ಡಿಸ್ಕಿಗೆ ಒಂದೊಂದು ರಾತ್ರಿ ಹಂಚಿಕೊಡುವುದು ಒಳ್ಳೆಯದು. ಉಷ್ಣತೆಗೆ 45 ಡಿಗ್ರಿಯಲ್ಲಿ ಸೂಚನೆ, 55ರಲ್ಲಿ ತುರ್ತು ಎಚ್ಚರಿಕೆ ಎಂದು ಇಡಬಹುದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಕೋಣೆಯ ಎಸಿ ನಿಂತರೆ ಈ ಮಿತಿ ದಾಟುವುದು ಕಷ್ಟವೇನಲ್ಲ, ಮತ್ತು ಎಷ್ಟೋ ಸಲ ಎಸಿ ಕೆಟ್ಟ ಸುದ್ದಿ ಮೊದಲು ಬರುವುದೇ ಡಿಸ್ಕ್‌ಗಳ ಮೂಲಕ.

ಮೀಸಲು ಡಿಸ್ಕ್ ಇರುವವರು ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ವಹಿಸಬೇಕು. ವಿದ್ಯುತ್ ಉಳಿಸಲೆಂದು ಸ್ಮಾರ್ಟ್‌ಡಿಗೆ 'ನಿದ್ರಿಸುತ್ತಿರುವ ಡಿಸ್ಕನ್ನು ಎಬ್ಬಿಸಬೇಡ' ಎಂಬ ಸ್ಟ್ಯಾಂಡ್‌ಬೈ ಆಯ್ಕೆ ಕೊಟ್ಟಿದ್ದರೆ, ಸದಾ ನಿದ್ರಿಸುವ ಮೀಸಲು ಡಿಸ್ಕ್ ತಪಾಸಣೆಯಿಂದಲೇ ತಪ್ಪಿಸಿಕೊಳ್ಳುತ್ತದೆ. ಆ ಆಯ್ಕೆಯನ್ನು ಮೀಸಲು ಡಿಸ್ಕಿಗೆ ಕೊಡಬಾರದು, ಕೊಟ್ಟರೂ ಇಷ್ಟು ಸಲ ಬಿಟ್ಟ ಮೇಲೆ ಎಬ್ಬಿಸಲೇಬೇಕು ಎಂಬ ಸಂಖ್ಯೆಯನ್ನು ಅದರ ಜೊತೆಗೆ ಬರೆಯಬೇಕು. ವಾರದ ದೀರ್ಘ ಪರೀಕ್ಷೆ ಬೇರೆಲ್ಲಕ್ಕಿಂತ ಮೀಸಲು ಡಿಸ್ಕಿಗೆ ಅಗತ್ಯ, ಏಕೆಂದರೆ ಅದರ ಮೇಲ್ಮೈಯನ್ನು ಪೂರ್ತಿ ಓದಿ ನೋಡುವ ಕೆಲಸ ಬೇರೆ ಯಾವುದೂ ಇಲ್ಲ.

ಹಂತ 4: ಕಾಯುವ ಅವಧಿಯನ್ನು ಸರಿಹೊಂದಿಸುವುದು

ಒಳ್ಳೆಯ ಡಿಸ್ಕ್‌ಗಳೂ ಅರೇಯಿಂದ ಹೊರಬೀಳಲು ಮುಖ್ಯ ಕಾರಣವಾಗುವ, ಆದರೆ ಬಹಳ ಮಂದಿ ಗಮನಿಸದ ಹಂತವಿದು. ಡೆಸ್ಕ್‌ಟಾಪ್ ದರ್ಜೆಯ ಡಿಸ್ಕಿಗೆ ಒಂದು ಸೆಕ್ಟರ್ ಓದಲಾಗದಿದ್ದರೆ ಅದು ಒಂದೆರಡು ನಿಮಿಷವಾದರೂ ಪ್ರಯತ್ನಿಸುತ್ತಲೇ ಇರಬಹುದು. ಲಿನಕ್ಸ್ ಕಾಯುವುದು ಸಾಮಾನ್ಯವಾಗಿ 30 ಸೆಕೆಂಡು ಮಾತ್ರ. ಅಷ್ಟರೊಳಗೆ ಉತ್ತರ ಬರದಿದ್ದರೆ ಕರ್ನಲ್ ಸಂಪರ್ಕವನ್ನೇ ಮರುಹೊಂದಿಸುತ್ತದೆ, ರೇಡ್ ಪದರ ಆ ಡಿಸ್ಕನ್ನು ಕೆಟ್ಟದ್ದೆಂದು ಹೊರಹಾಕುತ್ತದೆ. ಒಂದು ಸೆಕ್ಟರಿನ ತಪ್ಪಿಗೆ ಇಡೀ ಡಿಸ್ಕ್ ಹೋಯಿತು.

ಇದಕ್ಕೆ ಪರಿಹಾರವಾಗಿ ಸ್ಮಾರ್ಟ್‌ಸಿಟಿಎಲ್‌ನ ಎಸ್‌ಸಿಟಿಇಆರ್‌ಸಿ ಆಯ್ಕೆಯಲ್ಲಿ ಓದಿಗೂ ಬರಹಕ್ಕೂ 70 ಎಂದು ಕೊಡಬೇಕು. ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅದು 7 ಸೆಕೆಂಡು. ಆಗ ಡಿಸ್ಕ್ ಬೇಗ ಸೋಲೊಪ್ಪಿಕೊಳ್ಳುತ್ತದೆ, ರೇಡ್ ಉಳಿದ ಡಿಸ್ಕ್‌ಗಳಿಂದ ಆ ತುಣುಕನ್ನು ಲೆಕ್ಕಹಾಕಿ ಅಲ್ಲಿಗೇ ಮರಳಿ ಬರೆಯುತ್ತದೆ. ವಿದ್ಯುತ್ ಹೋಗಿ ಬಂದರೆ ಬಹುತೇಕ ಡಿಸ್ಕ್‌ಗಳು ಇದನ್ನು ಮರೆಯುವುದರಿಂದ ಪ್ರತಿ ಚಾಲನೆಯಲ್ಲೂ ಮತ್ತೆ ಹೇಳುವ ಸ್ಕ್ರಿಪ್ಟ್ ಬೇಕು. ಈ ಸೌಲಭ್ಯವೇ ಇಲ್ಲದ ಡಿಸ್ಕ್‌ಗಳಾದರೆ ಕರ್ನಲ್ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಬೇಕು. ಮೀಸಲು ಡಿಸ್ಕಿಗೂ ಇದೇ ನಿಯಮ ಅನ್ವಯಿಸುತ್ತದೆ.

ಹಂತ 5: ತಿಂಗಳಿಗೊಮ್ಮೆ ಇಡೀ ಅರೇಯನ್ನು ಓದಿಸುವುದು

ವರ್ಷಗಳಿಂದ ಯಾರೂ ತೆರೆಯದ ಕಡತಗಳಿರುವ ಸೆಕ್ಟರ್‌ಗಳು ಸದ್ದಿಲ್ಲದೆ ಕೆಟ್ಟಿರಬಹುದು. ಅರೇಯ ಸಿಂಕ್_ಆ್ಯಕ್ಷನ್ ಕಡತಕ್ಕೆ 'ಚೆಕ್' ಎಂದು ಬರೆದರೆ ಎಂಡಿ ರೇಡ್ ಎಲ್ಲ ಸದಸ್ಯ ಡಿಸ್ಕ್‌ಗಳನ್ನು ಪೂರ್ತಿ ಓದಿ, ಓದಲಾಗದ ಸೆಕ್ಟರ್‌ಗಳನ್ನು ಉಳಿದವುಗಳ ನೆರವಿನಿಂದ ಮರಳಿ ಬರೆಯುತ್ತದೆ. ಡೆಬಿಯನ್ ಕುಟುಂಬದ ವಿತರಣೆಗಳಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗಿಯೇ ನಡೆಯುತ್ತದೆ; ನಡೆಯುತ್ತಿದೆಯೇ ಎಂದು ಒಮ್ಮೆ ಖಚಿತಪಡಿಸಿಕೊಂಡರೆ ಸಾಕು. ನೆನಪಿಡಬೇಕಾದದ್ದು ಒಂದೇ: ಈ ತಪಾಸಣೆ ಮೀಸಲು ಡಿಸ್ಕನ್ನು ಮುಟ್ಟುವುದಿಲ್ಲ.

ಹಂತ 6: ಮೀಸಲು ಡಿಸ್ಕನ್ನು ಸೇರಿಸುವುದು ಮತ್ತು ಅದರ ಮೇಲೊಂದು ಕಣ್ಣಿಡುವುದು

ಹೊಸ ಡಿಸ್ಕನ್ನು ಸೇರಿಸುವ ಮೊದಲು ಅದರ ಮೇಲೆ ದೀರ್ಘ ಪರೀಕ್ಷೆ ನಡೆಸಿ, ಆಮೇಲೆ ಬ್ಯಾಡ್‌ಬ್ಲಾಕ್ಸ್ ಆದೇಶದಿಂದ ಒಮ್ಮೆಯಾದರೂ ಪೂರ್ತಿ ಬರೆಸಿ ಓದಿಸಬೇಕು. ಈ ಆದೇಶದ ಬರೆಯುವ ಪರೀಕ್ಷೆ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸುತ್ತದೆ, ಆದ್ದರಿಂದ ಸೀರಿಯಲ್ ಸಂಖ್ಯೆಯನ್ನು ಎರಡು ಸಲ ತಾಳೆ ನೋಡದೆ ಎಂಟರ್ ಒತ್ತಬಾರದು. ಮೀಸಲು ಡಿಸ್ಕಿನ ಗಾತ್ರ, ಅರೇಯಲ್ಲಿ ಪ್ರತಿ ಸದಸ್ಯ ಡಿಸ್ಕಿನಿಂದ ಬಳಕೆಯಾಗುತ್ತಿರುವ ಜಾಗಕ್ಕಿಂತ ಒಂದು ಸೆಕ್ಟರ್ ಕಡಿಮೆಯಿದ್ದರೂ ಅದು ಕೆಲಸಕ್ಕೆ ಬಾರದು. ಹಾಳೆ ಹಾಳೆಯಾಗಿ ಒಂದರ ಮೇಲೊಂದು ಹಾಸಿದಂತೆ ಬರೆಯುವ ಎಸ್‌ಎಂಆರ್ ಮಾದರಿಯ ಡಿಸ್ಕ್‌ಗಳನ್ನು ಮೀಸಲಾಗಿ ಇಡಬಾರದು. ಸತತ ಬರಹದಲ್ಲಿ ಅವುಗಳ ವೇಗ ಕುಸಿದು ರೀಬಿಲ್ಡ್ ದಿನಗಟ್ಟಲೆ ಎಳೆಯಬಹುದು.

ಎಂಡಿಎಡಿಎಂ ಆದೇಶದ ಆ್ಯಡ್ ಆಯ್ಕೆಯಿಂದ, ಎಲ್ಲ ಸದಸ್ಯ ಡಿಸ್ಕ್‌ಗಳೂ ಇರುವ ಅರೇಗೆ ಡಿಸ್ಕ್ ಸೇರಿಸಿದರೆ ಅದು ತಾನಾಗಿಯೇ ಮೀಸಲಾಗುತ್ತದೆ. ಪ್ರಾಕ್ ಕೋಶದ ಎಂಡಿಸ್ಟ್ಯಾಟ್ ಕಡತ ತೆರೆದರೆ ಅದರ ಹೆಸರಿನ ಪಕ್ಕ ಆವರಣದಲ್ಲಿ 'ಎಸ್' ಅಕ್ಷರ ಕಾಣುತ್ತದೆ. ಕೆಟ್ಟು ಹೊರಬಿದ್ದದ್ದಕ್ಕೆ 'ಎಫ್' ಇರುತ್ತದೆ. ಅದೇ ಕಡತದಲ್ಲಿ ಚೌಕಾವರಣದೊಳಗೆ ಸಾಲಾಗಿ 'ಯು' ಅಕ್ಷರಗಳಿದ್ದು, ಯಾವುದಾದರೊಂದರ ಜಾಗದಲ್ಲಿ ಅಡಿಗೆರೆ ಕಂಡರೆ ಅರೇ ಒಬ್ಬ ಸದಸ್ಯನನ್ನು ಕಳೆದುಕೊಂಡಿದೆ ಎಂದರ್ಥ.

ಈಗ ಎಂಡಿಎಡಿಎಂ ಸಂರಚನಾ ಕಡತಕ್ಕೆ ಬರೋಣ. ಅರೇಯ ಸಾಲಿನಲ್ಲಿ ಸ್ಪೇರ್ಸ್ ಎಂಬುದಕ್ಕೆ 1 ಎಂದು ಬರೆಯದಿದ್ದರೆ, ಮೀಸಲು ಡಿಸ್ಕ್ ಕಾಣೆಯಾದರೂ ವ್ಯವಸ್ಥೆಗೆ ಅದೊಂದು ಸುದ್ದಿಯೇ ಅಲ್ಲ. ಬರೆದರೆ ಸ್ಪೇರ್ಸ್‌ಮಿಸ್ಸಿಂಗ್ ಎಂಬ ಎಚ್ಚರಿಕೆ ಬರುತ್ತದೆ. ಆದರೆ ಅದೂ ಬರುವುದು ಮಾನಿಟರ್ ಸೇವೆ ಆ ಅರೇಯನ್ನು ಮೊದಲ ಸಲ ನೋಡಿದಾಗ, ಅಂದರೆ ಸೇವೆ ಶುರುವಾದಾಗ ಮಾತ್ರ. ಹಾಗಾಗಿ ದಿನಕ್ಕೊಮ್ಮೆ ಒನ್‌ಶಾಟ್ ಆಯ್ಕೆಯೊಂದಿಗೆ ಮಾನಿಟರನ್ನು ಪ್ರತ್ಯೇಕವಾಗಿ ಓಡಿಸುವ ವೇಳಾಪಟ್ಟಿ ಇರಬೇಕು. ಎರಡು ಅರೇಗಳು ಒಂದೇ ಮೀಸಲು ಡಿಸ್ಕನ್ನು ಹಂಚಿಕೊಳ್ಳಬೇಕಾದರೆ ಎರಡರ ಸಾಲಿನಲ್ಲೂ ಸ್ಪೇರ್-ಗ್ರೂಪ್ ಎಂಬುದಕ್ಕೆ ಒಂದೇ ಹೆಸರು ಕೊಡಬೇಕು. ಆಗ ಒಂದರಿಂದ ಇನ್ನೊಂದಕ್ಕೆ ಡಿಸ್ಕನ್ನು ಸರಿಸುವುದು ಮಾನಿಟರ್ ಸೇವೆಯೇ ಹೊರತು ಕರ್ನಲ್ ಅಲ್ಲ. ಆ ಸೇವೆ ನಿಂತಿದ್ದರೆ ಹಂಚಿಕೆ ಕಾಗದದ ಮೇಲಷ್ಟೇ ಉಳಿಯುತ್ತದೆ.

ಎಚ್ಚರಿಕೆಯ ಮಿಂಚಂಚೆ ತಲುಪುತ್ತದೆಯೇ ಎಂಬುದನ್ನು ಮಾನಿಟರಿನ ಟೆಸ್ಟ್ ಆಯ್ಕೆಯಿಂದಲೂ, ಸ್ಮಾರ್ಟ್‌ಡಿ ಸಂರಚನೆಯ ಎಂ ಟೆಸ್ಟ್ ಆಯ್ಕೆಯಿಂದಲೂ ಪರೀಕ್ಷಿಸಬೇಕು. ಎಷ್ಟೋ ಸರ್ವರ್‌ಗಳಲ್ಲಿ ಈ ಪತ್ರಗಳು ರೂಟ್ ಬಳಕೆದಾರನ ಸ್ಥಳೀಯ ಅಂಚೆಪೆಟ್ಟಿಗೆಗೆ ಹೋಗಿ ಬೀಳುತ್ತವೆ, ಅದನ್ನು ತೆರೆಯುವವರು ಯಾರೂ ಇರುವುದಿಲ್ಲ. ಪ್ರತಿ ಸೋಮವಾರ 'ಎಲ್ಲ ಸರಿಯಿದೆ' ಎಂಬ ಪತ್ರವೊಂದು ಬರುವಂತೆ ಮಾಡಿಟ್ಟರೆ, ಅದು ಬಾರದ ಸೋಮವಾರವೇ ಒಂದು ಎಚ್ಚರಿಕೆಯಾಗುತ್ತದೆ.

ಒಟ್ಟಿಗೆ ಕೊಂಡ ಡಿಸ್ಕ್‌ಗಳ ಬಗ್ಗೆ

ಎಲ್ಲ ಡಿಸ್ಕ್‌ಗಳನ್ನೂ ಮೀಸಲು ಸಹಿತ ಒಂದೇ ದಿನ, ಒಂದೇ ಅಂಗಡಿಯಿಂದ ತರುವುದು ನಮ್ಮಲ್ಲಿ ರೂಢಿ. ಟೆಂಡರ್ ಪದ್ಧತಿಯಲ್ಲಂತೂ ಬೇರೆ ದಾರಿಯೇ ಇಲ್ಲ. ಇದರ ಅಪಾಯಕ್ಕೆ ದೊಡ್ಡ ಉದಾಹರಣೆ 2019ರ ನವೆಂಬರಿನಲ್ಲಿ ಹೊರಬಂತು. ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಎಸ್ ಸಂಪರ್ಕದ ಎಸ್‌ಎಸ್‌ಡಿಗಳು (ತಿರುಗುವ ಭಾಗವಿಲ್ಲದ ಡಿಸ್ಕ್‌ಗಳು) ಫರ್ಮ್‌ವೇರ್ ದೋಷದಿಂದಾಗಿ 32,768 ಗಂಟೆ, ಅಂದರೆ 3 ವರ್ಷ 270 ದಿನ 8 ಗಂಟೆ ಚಾಲನೆಯಲ್ಲಿದ್ದ ಮೇಲೆ ಪೂರ್ತಿ ಕೆಡುತ್ತವೆ ಎಂದು ಪ್ರಕಟಿಸಿ, ಹೊಸ ಫರ್ಮ್‌ವೇರ್ ಹಾಕಿಕೊಳ್ಳಲು ಸೂಚಿಸಿತು. ಇಂಥ ದೋಷದೆದುರು ಯಂತ್ರದಲ್ಲೇ ಸಿದ್ಧವಾಗಿರುವ ಮೀಸಲು ಡಿಸ್ಕ್ (ಹಾಟ್ ಸ್ಪೇರ್) ನಿಷ್ಪ್ರಯೋಜಕ: ಅದೂ ಮೊದಲ ದಿನದಿಂದ ವಿದ್ಯುತ್ ಪಡೆಯುತ್ತ, ಉಳಿದವುಗಳಷ್ಟೇ ಗಂಟೆಗಳನ್ನು ಎಣಿಸಿರುತ್ತದೆ. ಫರ್ಮ್‌ವೇರ್ ಪ್ರಕಟಣೆಗಳನ್ನು ಆರು ತಿಂಗಳಿಗೊಮ್ಮೆಯಾದರೂ ನೋಡಬೇಕು. ಸಾಧ್ಯವಾದರೆ ಮೀಸಲು ಡಿಸ್ಕನ್ನು ಬೇರೆ ತಯಾರಿಕಾ ಕಂತಿನಿಂದ, ಇಲ್ಲವೇ ಬೇರೆ ತಯಾರಕರಿಂದ ಕೊಳ್ಳಬೇಕು. ಕಪಾಟಿನಲ್ಲಿ ಇನ್ನೊಂದು ಡಿಸ್ಕನ್ನು ಸ್ಥಿರವಿದ್ಯುತ್ ನಿರೋಧಕ ಚೀಲದಲ್ಲಿಟ್ಟು, ಕೆಲವು ತಿಂಗಳಿಗೊಮ್ಮೆ ಹೊರತೆಗೆದು ದೀರ್ಘ ಪರೀಕ್ಷೆ ನಡೆಸುವುದೂ ಒಳ್ಳೆಯ ಕ್ರಮ.

ಹಂತ 7: ಕೆಡುವ ಮೊದಲೇ ಬದಲಿಸುವುದು

ಮೀಸಲು ಡಿಸ್ಕಿನ ಅತ್ಯುತ್ತಮ ಬಳಕೆ ಇದೇ ಎಂಬುದು ನನ್ನ ಅಭಿಪ್ರಾಯ. 197ನೆಯ ಸಾಲು ಏರುತ್ತಿರುವ ಡಿಸ್ಕನ್ನು ಫೇಲ್ ಎಂದು ಗುರುತಿಸಿ ಹೊರಹಾಕುವ ಅಭ್ಯಾಸ ಹಲವರಿಗಿದೆ. ಹಾಗೆ ಮಾಡಿದರೆ ಇದ್ದ ರಕ್ಷಣೆಯನ್ನು ನಾವೇ ಕಳೆದುಕೊಂಡು ರೀಬಿಲ್ಡಿಗೆ ಇಳಿದಂತಾಗುತ್ತದೆ. ಅದರ ಬದಲು ಎಂಡಿಎಡಿಎಂನ ರಿಪ್ಲೇಸ್ ಆಯ್ಕೆಗೆ ಹಳೆಯ ಡಿಸ್ಕಿನ ಹೆಸರನ್ನೂ, ವಿತ್ ಆಯ್ಕೆಗೆ ಮೀಸಲು ಡಿಸ್ಕಿನ ಹೆಸರನ್ನೂ ಕೊಡಬೇಕು. ಲಿನಕ್ಸ್ 3.3 ಕರ್ನಲ್‌ನಿಂದ ಈ ಸೌಲಭ್ಯವಿದೆ. ಹಳೆಯ ಡಿಸ್ಕ್ ಅರೇಯಲ್ಲಿ ಇದ್ದುಕೊಂಡೇ ತನ್ನ ದತ್ತಾಂಶವನ್ನು ಹೊಸದಕ್ಕೆ ನಕಲು ಮಾಡಿಕೊಡುತ್ತದೆ, ಓದಲಾಗದ ಸೆಕ್ಟರ್‌ಗಳನ್ನು ಮಾತ್ರ ಉಳಿದ ಡಿಸ್ಕ್‌ಗಳಿಂದ ಲೆಕ್ಕಹಾಕಲಾಗುತ್ತದೆ, ನಕಲು ಮುಗಿದ ಮೇಲಷ್ಟೇ ಹಳೆಯದು ನಿವೃತ್ತವಾಗುತ್ತದೆ. ಈ ಇಡೀ ಅವಧಿಯಲ್ಲಿ ಅರೇಯ ರಕ್ಷಣೆ ತಗ್ಗುವುದಿಲ್ಲ.

ಹಂತ 8: ಡಿಸ್ಕ್ ಕೆಟ್ಟೇಬಿಟ್ಟಾಗ

ಮೊದಲ ಕೆಲಸ ಕರ್ನಲ್ ದಾಖಲೆಯನ್ನು ಓದುವುದು. ಒಂದೇ ಡಿಸ್ಕ್ ಹೊರಬಿದ್ದು ಮೀಸಲು ಡಿಸ್ಕಿನ ಮೇಲೆ ರೀಬಿಲ್ಡ್ ಶುರುವಾಗಿದ್ದರೆ, ಅದು ಮುಗಿಯುವ ತನಕ ಪೆಟ್ಟಿಗೆಯನ್ನು ಮುಟ್ಟಬಾರದು. ಮುಖ್ಯ ದತ್ತಾಂಶದ ಬ್ಯಾಕಪ್ ಹಳೆಯದಾಗಿದ್ದರೆ ಈ ಹೊತ್ತಿನಲ್ಲಿ ಅತಿ ಅಗತ್ಯವಾದಷ್ಟನ್ನು ಮಾತ್ರ ನಕಲು ಮಾಡಿಕೊಳ್ಳಬೇಕು. ರಾತ್ರಿ ವೇಳೆ ಬಳಕೆದಾರರಿಲ್ಲದಾಗ ಕರ್ನಲ್‌ನ ಕನಿಷ್ಠ ರೀಬಿಲ್ಡ್ ವೇಗವನ್ನು ಅದರ ಸಹಜ ಮೌಲ್ಯವಾದ ಸೆಕೆಂಡಿಗೆ 1,000 ಕೆಬಿಯಿಂದ ಏರಿಸಿದರೆ ಕೆಲಸ ಬೇಗ ಮುಗಿಯುತ್ತದೆ.

ಎರಡು ಮೂರು ಡಿಸ್ಕ್‌ಗಳು ಒಂದೇ ಕ್ಷಣದಲ್ಲಿ ಹೊರಬಿದ್ದಿದ್ದರೆ ಸಂಶಯ ಹೋಗಬೇಕಾದದ್ದು ಕೇಬಲ್, ನಿಯಂತ್ರಕ, ವಿದ್ಯುತ್ ಪೂರೈಕೆಗಳತ್ತ. ಅಂಥ ಸ್ಥಿತಿಯಲ್ಲಿ ಗಾಬರಿಯಿಂದ ಕ್ರಿಯೇಟ್ ಆಯ್ಕೆ ಬಳಸಿ ಅರೇಯನ್ನು ಹೊಸದಾಗಿ ಕಟ್ಟಲು ಹೋಗಬಾರದು. ಡಿಸ್ಕ್‌ಗಳ ಕ್ರಮ ತಪ್ಪಿದರೆ ಉಳಿದಿದ್ದ ದತ್ತಾಂಶವೂ ಹೋಗುತ್ತದೆ. ಪ್ರತಿ ಡಿಸ್ಕಿನ ಎಕ್ಸಾಮಿನ್ ವರದಿಯನ್ನು ಮೊದಲು ಬೇರೆಡೆ ಉಳಿಸಿ, ದೋಷದ ಮೂಲವನ್ನು ಸರಿಪಡಿಸಿ, ಆಮೇಲೆ ಅಸೆಂಬಲ್ ಆಯ್ಕೆಯಿಂದ ಜೋಡಿಸಲು ಪ್ರಯತ್ನಿಸಬೇಕು.

ರೀಬಿಲ್ಡ್ ಮುಗಿದಾಗ ಮೀಸಲು ಡಿಸ್ಕ್ ಪೂರ್ಣ ಸದಸ್ಯನಾಗಿರುತ್ತದೆ, ಮೀಸಲು ಜಾಗ ಖಾಲಿಯಾಗಿರುತ್ತದೆ. ಬಹಳ ಕಡೆ ಕೆಲಸ ಇಲ್ಲಿಗೇ ನಿಂತುಬಿಡುತ್ತದೆ. ಸರ್ವರ್ ಚೆನ್ನಾಗಿ ಓಡುತ್ತಿರುವುದರಿಂದ ಹೊಸ ಡಿಸ್ಕಿನ ಖರೀದಿ ಕಡತ ಮೇಜಿನಿಂದ ಮೇಜಿಗೆ ನಿಧಾನವಾಗಿ ಸಾಗುತ್ತದೆ. ಕೆಟ್ಟ ಡಿಸ್ಕನ್ನು ರಿಮೂವ್ ಆಯ್ಕೆಯಿಂದ ತೆಗೆದು, ಹೊಸದನ್ನು ಹಂತ 6ರಂತೆ ಪರೀಕ್ಷಿಸಿ ಸೇರಿಸುವವರೆಗೆ ಈ ಘಟನೆ ಮುಗಿದಿಲ್ಲವೆಂದೇ ದಾಖಲೆಯಲ್ಲಿ ಇರಬೇಕು.

ಬೇರೆ ವ್ಯವಸ್ಥೆಗಳಿರುವವರಿಗೆ

ಜೆಡ್‌ಎಫ್‌ಎಸ್ (ರೇಡ್ ಸೌಲಭ್ಯವನ್ನು ತನ್ನೊಳಗೇ ಹೊಂದಿದ ಕಡತ ವ್ಯವಸ್ಥೆ) ಬಳಸುವವರಲ್ಲಿ ತತ್ವ ಇದೇ, ವರ್ತನೆ ಸ್ವಲ್ಪ ಬೇರೆ. ಅಲ್ಲಿ ಮೀಸಲು ಡಿಸ್ಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ: ಕೆಟ್ಟದ್ದರ ಜಾಗಕ್ಕೆ ಹೊಸದನ್ನು ಹಾಕಿ ರೀಸಿಲ್ವರ್ (ಅಲ್ಲಿನ ರೀಬಿಲ್ಡ್) ಮುಗಿದರೆ ಮೀಸಲು ತನ್ನ ಸ್ಥಾನಕ್ಕೆ ಮರಳುತ್ತದೆ, ಕೆಟ್ಟದ್ದನ್ನು ಡಿಟ್ಯಾಚ್ ಮಾಡಿದರೆ ಮೀಸಲೇ ಕಾಯಂ ಆಗುತ್ತದೆ. ಲಿನಕ್ಸ್‌ನಲ್ಲಿ ಮೀಸಲು ತಾನಾಗಿ ಕೆಲಸಕ್ಕಿಳಿಯಲು ಜೆಡ್‌ಎಫ್‌ಎಸ್‌ನ ಘಟನೆಗಳನ್ನು ಗಮನಿಸುವ ಜೆಡ್‌ಇಡಿ ಸೇವೆ ಚಾಲನೆಯಲ್ಲಿರಲೇಬೇಕು. ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳ ಹಿಂದಿನ ಡಿಸ್ಕ್‌ಗಳು ನೇರವಾಗಿ ಕಾಣುವುದಿಲ್ಲ. ಸ್ಮಾರ್ಟ್‌ಸಿಟಿಎಲ್‌ಗೆ ಡಿ ಆಯ್ಕೆಯಲ್ಲಿ ಮೆಗಾರೇಡ್ ಮುಂತಾದ ಕಾರ್ಡಿನ ಬಗೆಯನ್ನೂ ಡಿಸ್ಕಿನ ಸಂಖ್ಯೆಯನ್ನೂ ಹೇಳಬೇಕು. ಎನ್‌ವಿಎಂಇ ಎಸ್‌ಎಸ್‌ಡಿಗಳ ವರದಿಯಲ್ಲಿ ಕಾಣುವ 'ಅವೈಲಬಲ್ ಸ್ಪೇರ್' ಎಂಬುದು ಅದೇ ಸಾಧನದೊಳಗಿನ ಮೀಸಲು ಜಾಗದ ಶೇಕಡಾವಾರು; ಅದು 100ರಿಂದ ಇಳಿಯತೊಡಗಿ ಪಕ್ಕದಲ್ಲೇ ಕೊಟ್ಟಿರುವ ಮಿತಿಯ ಕಡೆಗೆ ಸಾಗುತ್ತಿದ್ದರೆ ಬದಲಿಸುವ ಸಮಯ ಬಂದಿದೆ ಎಂದರ್ಥ.

ತಾಲೀಮು ಮತ್ತು ವಿಲೇವಾರಿ

ಇಡೀ ಕ್ರಮವನ್ನು ನಿಜವಾದ ಡಿಸ್ಕ್‌ಗಳ ಗೊಡವೆಯಿಲ್ಲದೆ ಅಭ್ಯಾಸ ಮಾಡಬಹುದು. ಒಂದೊಂದು ಜಿಬಿಯ ಐದು ಖಾಲಿ ಕಡತಗಳನ್ನು ಮಾಡಿ, ಲೋಸೆಟಪ್ ಆದೇಶದಿಂದ ಅವನ್ನು ಡಿಸ್ಕ್‌ಗಳಂತೆ ತೋರಿಸಿ, ನಾಲ್ಕನ್ನು ರೇಡ್ 6ಕ್ಕೆ ಹಾಕಿ ಒಂದನ್ನು ಮೀಸಲಿಟ್ಟು, ಫೇಲ್, ರಿಮೂವ್, ಆ್ಯಡ್, ರಿಪ್ಲೇಸ್ ಆಯ್ಕೆಗಳನ್ನು ಒಂದೊಂದಾಗಿ ಪ್ರಯೋಗಿಸಿ ನೋಡಿದರೆ ಒಂದು ಮಧ್ಯಾಹ್ನದಲ್ಲಿ ಕೈ ಪಳಗುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಸರ್ವರ್ ಒಪ್ಪಿಸುವ ಮೊದಲು ಇದನ್ನು ಮಾಡಿಸಬೇಕು.

ತೆಗೆದ ಡಿಸ್ಕ್ ಇನ್ನೂ ತಿರುಗುತ್ತಿದ್ದರೆ ವಾರಂಟಿಗೆ ಕಳಿಸುವ ಮುನ್ನ ಅದರ ಮೇಲೆ ಪೂರ್ತಿ ಸೊನ್ನೆ ಬರೆಯಬೇಕು. ರೇಡ್ 5 ಅಥವಾ 6ರ ಒಂದೇ ಡಿಸ್ಕಿನಿಂದ ಏನೂ ತಿಳಿಯದು ಎಂಬ ನಂಬಿಕೆ ತಪ್ಪು. ಅರೇ ಸಾಮಾನ್ಯವಾಗಿ 512 ಕೆಬಿ ತುಣುಕುಗಳಲ್ಲಿ ಬರೆಯುವುದರಿಂದ, ಸಣ್ಣ ಪತ್ರ, ಬಿಲ್ಲು, ರೋಗಿಗಳ ವಿವರಗಳಂಥ ಕಡತಗಳು ಇಡಿಯಾಗಿ ಒಂದೇ ಡಿಸ್ಕಿನಲ್ಲಿ ಸಿಗಬಹುದು. ಬರೆಯಲೂ ಆಗದಷ್ಟು ಕೆಟ್ಟಿದ್ದು ಒಳಗೆ ಗೋಪ್ಯ ಮಾಹಿತಿ ಇದ್ದರೆ ವಾರಂಟಿಯ ಹಣದ ಆಸೆ ಬಿಟ್ಟು ಡಿಸ್ಕನ್ನು ಭೌತಿಕವಾಗಿ ನಾಶಪಡಿಸಿ, ಸೀರಿಯಲ್ ಸಂಖ್ಯೆಯ ಎದುರು ದಿನಾಂಕ ಸಹಿತ ಹಾಗೆಂದು ನಮೂದಿಸಬೇಕು.